ಚಳಿ ಎರಡು ಕಂತಿನಲ್ಲಿ ಹೋಗುತ್ತದೆ: ಕೊಪ್ಪಳ ಸೀಮೆಯ ಹಿತ್ತಲಿನಲ್ಲಿ ಋತು ಬದಲಾವಣೆಯನ್ನು ದಾಖಲಿಸುವ ಸಮಗ್ರ ಮಾರ್ಗದರ್ಶಿ

ಕೊಪ್ಪಳ, ರಾಯಚೂರು, ಬಳ್ಳಾರಿಯ ಬಯಲಿನಲ್ಲಿ ಚಳಿ ಒಮ್ಮೆಲೇ ಬಿಟ್ಟುಹೋಗುವುದಿಲ್ಲ. ಅದು ಮೊದಲು ಮಧ್ಯಾಹ್ನದಿಂದ ಹೋಗುತ್ತದೆ, ಆಮೇಲೆ ನಸುಕಿನಿಂದ. ಜನವರಿಯ ಕೊನೆಗೇ ನಡುಹಗಲಿನ ಬಿಸಿಲು ಚುರುಕಾಗಿರುತ್ತದೆ, ಆದರೆ ಬೆಳಗಿನ ಆರು ಗಂಟೆಗೆ ಹೊದಿಕೆ ಬೇಕೇ ಬೇಕು. ಹಗಲು ರಾತ್ರಿಗಳ ತಾಪಮಾನದ ನಡುವಿನ ಅಂತರ ಫೆಬ್ರುವರಿ, ಮಾರ್ಚಿನಲ್ಲಿ ಅತಿ ಹೆಚ್ಚಾಗಿದ್ದು, ರಾತ್ರಿಗಳೂ ಬೆಚ್ಚಗಾಗತೊಡಗಿದ ಮೇಲೆ ಕುಗ್ಗುತ್ತ ಹೋಗುತ್ತದೆ. ಮಧ್ಯಾಹ್ನದ ಬಿಸಿಲನ್ನು ಮಾತ್ರ ನೋಡಿ ಬೇಸಿಗೆ ಬಂತೆಂದು ಕೊತ್ತಂಬರಿಯನ್ನು ಕಿತ್ತುಹಾಕುವವರೂ, ಬೆಳಗಿನ ಥಂಡಿಯನ್ನು ಮಾತ್ರ ನೋಡಿ ಹೀರೆ, ಸೌತೆಯ ಬೀಜ ಊರುವುದನ್ನು ಮುಂದೂಡುತ್ತ ಹೋಗುವವರೂ ಈ ಎರಡು ಕಂತುಗಳನ್ನು ಒಂದೆಂದು ತಿಳಿದವರು. ಎರಡನ್ನೂ ಬೇರೆ ಬೇರೆಯಾಗಿ ನೋಡಿ, ಬರೆದಿಟ್ಟುಕೊಂಡು, ಅವುಗಳ ಪಕ್ಕದಲ್ಲಿ ಮರಗಿಡಗಳ ಬದಲಾವಣೆಯನ್ನು ಇಟ್ಟು ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಡಿಸೆಂಬರ್ ನಡುಭಾಗದಿಂದ ಏಪ್ರಿಲ್ ನಡುಭಾಗದವರೆಗಿನ ನಾಲ್ಕು ತಿಂಗಳು ಇದರ ವ್ಯಾಪ್ತಿ.

ಮೊದಲು ನಿಮ್ಮ ನೆಲವನ್ನು ಗುರುತಿಸಿಕೊಳ್ಳಿ

ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ದಿನಾಂಕಕ್ಕಿಂತ ಮೊದಲು ಸ್ಥಳದ ವಿವರ ಬರಬೇಕು. ಕೊಪ್ಪಳ ಒಂದೇ ಜಿಲ್ಲೆಯಾದರೂ ಅದರೊಳಗೆ ಬೇರೆ ಬೇರೆ ಬಗೆಯ ಹಿತ್ತಲುಗಳಿವೆ. ಯಲಬುರ್ಗಾ, ಕುಕನೂರು ಕಡೆಯ ಎರೆ (ಕಪ್ಪು ಮಣ್ಣಿನ) ನೆಲ ಹಿಂಗಾರಿ ಮಳೆಯ ತೇವವನ್ನು ಆಳದಲ್ಲಿ ಹಿಡಿದಿಟ್ಟುಕೊಂಡು ಜೋಳ, ಕಡಲೆ, ಕುಸುಬೆಯನ್ನು ಬೆಳೆಸುತ್ತದೆ, ತೇವ ಆರಿದಂತೆ ಬಿರುಕು ಬಿಡುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲ ಅದಕ್ಕಿಂತ ಬೇಗ ಆರುತ್ತದೆ, ಬೇಗ ಕಾಯುತ್ತದೆ. ಗಂಗಾವತಿ, ಕಾರಟಗಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಭತ್ತದ ಗದ್ದೆಗಳ ನಡುವೆ ಗಾಳಿಯಲ್ಲಿ ತೇವ ಉಳಿದಿರುವುದರಿಂದ ಇಬ್ಬನಿಯೂ ಬೆಳಗಿನ ಕಾವಳವೂ ಹೆಚ್ಚು ದಿನ ಕಾಣಿಸುತ್ತವೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿಯ ನೀರಾವರಿ ಪ್ರದೇಶಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಾಲುವೆಗೆ ನೀರು ಬಿಟ್ಟ ದಿನವನ್ನೂ ನಿಲ್ಲಿಸಿದ ದಿನವನ್ನೂ ಇಂಥ ಊರಿನವರು ತಪ್ಪದೆ ಬರೆಯಬೇಕು. ನೀರು ನಿಂತ ಮೇಲೆ ಹವೆ ಒಣಗಿದರೆ ಅದಕ್ಕೆ ಋತುವೊಂದೇ ಕಾರಣ ಎನ್ನಲಾಗುವುದಿಲ್ಲ.

ಇನ್ನೊಂದು ಸಂಗತಿ ಬಂಡೆಗಳದ್ದು. ಕೊಪ್ಪಳದ ಕೋಟೆಯ ಬದಿಯಲ್ಲಿ, ಆನೆಗೊಂದಿಯ ಸುತ್ತಮುತ್ತ ಮನೆ ಇರುವವರ ಹಿತ್ತಲಿಗೆ ಹಗಲೆಲ್ಲ ಕಾದ ಬಂಡೆ ರಾತ್ರಿಯಿಡೀ ಶಾಖ ಬಿಡುತ್ತಿರುತ್ತದೆ. ತಗ್ಗಿನಲ್ಲಿರುವ ತೋಟಕ್ಕೆ ರಾತ್ರಿಯ ತಂಪು ಗಾಳಿ ಇಳಿದು ಬಂದು ನಿಲ್ಲುತ್ತದೆ. ಒಂದೇ ಊರಿನ ಎರಡು ಮನೆಗಳಲ್ಲಿ ಬೆಳಗಿನ ತಾಪಮಾನ ಬೇರೆ ಬೇರೆ ಬಂದರೆ ಉಪಕರಣ ಕೆಟ್ಟಿದೆ ಎಂದುಕೊಳ್ಳುವ ಮೊದಲು ಇದನ್ನು ಯೋಚಿಸಬೇಕು.

ಉಪಕರಣಗಳು ಮತ್ತು ಅವುಗಳ ಜಾಗ

ದುಬಾರಿ ಸಲಕರಣೆ ಬೇಕಿಲ್ಲ. ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನ ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಒಂದು, ಮಳೆಮಾಪಕವೊಂದು, ಒಂದು ಮೀಟರ್ ಉದ್ದದ ನೇರವಾದ ಕೋಲು, ಅಳತೆಪಟ್ಟಿ, ಕಪ್ಪು ಬಣ್ಣ ಬಳಿದ ಒಂದು ತಗಡು ಮತ್ತು ಗಟ್ಟಿ ರಟ್ಟಿನ ಪುಸ್ತಕವಿದ್ದರೆ ಸಾಕು. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಯಾವ ಡಬ್ಬಿಯಾದರೂ ಮಳೆಮಾಪಕವಾಗುತ್ತದೆ. ಅದರಲ್ಲಿ ನಿಂತ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆದರೆ ಅದೇ ಮಳೆಯ ಪ್ರಮಾಣ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಹವಾಮಾನ ಇಲಾಖೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಾತ್ರ ಮಳೆಯ ದಿನವೆಂದು ಲೆಕ್ಕ ಹಿಡಿಯುತ್ತದೆ. ನೀವು ಹನಿ ಬಿದ್ದದ್ದನ್ನೂ ಬರೆದಿಡಿ, ಆದರೆ ಮಳೆ ದಿನಗಳನ್ನು ಎಣಿಸುವಾಗ ಈ ಅಳತೆಯನ್ನೇ ಪಾಲಿಸಿ.

ಥರ್ಮಾಮೀಟರನ್ನು ತೂಗುಹಾಕುವ ಜಾಗದಲ್ಲೇ ಹೆಚ್ಚಿನವರ ದಾಖಲೆ ಹಾಳಾಗುತ್ತದೆ. ಅದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ, ದಿನವಿಡೀ ನೇರ ಬಿಸಿಲು ಬೀಳದ ಕಡೆ ಇರಬೇಕು. ಉತ್ತರ ದಿಕ್ಕಿನ ಪಡಸಾಲೆ ಉತ್ತಮ. ತಗಡಿನ ಛಾವಣಿಯ ಕೆಳಗೆ, ಆರ್‌ಸಿಸಿ ಗೋಡೆಗೆ ಆನಿಸಿ, ಎಸಿಯ ಹೊರಘಟಕದ ಹತ್ತಿರ ಇಡಬಾರದು. ಬೇವಿನ ಮರದ ನೆರಳು ತಂಪಾಗಿದೆಯೆಂದು ಕೊಂಬೆಗೆ ಕಟ್ಟುವುದು ನಮ್ಮ ಕಡೆ ಸಾಮಾನ್ಯ. ಫೆಬ್ರುವರಿ, ಮಾರ್ಚಿನಲ್ಲಿ ಬೇವು ಎಲೆ ಉದುರಿಸಿದೊಡನೆ ಅದೇ ಥರ್ಮಾಮೀಟರಿಗೆ ನೇರ ಬಿಸಿಲು ಬಡಿದು, ಬೇಸಿಗೆ ಒಂದೇ ವಾರದಲ್ಲಿ ನುಗ್ಗಿಬಂದಂತೆ ಅಂಕಿಗಳು ಜಿಗಿಯುತ್ತವೆ. ಎಲೆ ಉದುರುವ ಯಾವ ಮರವನ್ನೂ ಈ ಕೆಲಸಕ್ಕೆ ನಂಬಬೇಡಿ.

ಓದುವ ಹೊತ್ತು ಬದಲಾಗಕೂಡದು. ಬೆಳಿಗ್ಗೆ 8.30ಕ್ಕೆ ಕನಿಷ್ಠ ತಾಪಮಾನ ಮತ್ತು ಹಿಂದಿನ 24 ಗಂಟೆಗಳ ಮಳೆಯನ್ನು, ಸಂಜೆ 5.30ಕ್ಕೆ ಗರಿಷ್ಠ ತಾಪಮಾನವನ್ನು ಬರೆದುಕೊಂಡರೆ ನಿಮ್ಮ ಅಂಕಿಗಳನ್ನು ಹವಾಮಾನ ಇಲಾಖೆಯ ಅಂಕಿಗಳ ಜೊತೆ ಇಟ್ಟು ನೋಡಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಹೊಂದಿದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಕೃಷಿ ಹವಾಮಾನ ಸಲಹೆಗಳು ಬರುತ್ತವೆ. ಇವನ್ನು ಹೋಲಿಕೆಗೆ ಇಟ್ಟುಕೊಳ್ಳಿ. ನಿಮ್ಮ ಅಂಕಿ ಅವುಗಳಿಗಿಂತ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ, ಆ ವ್ಯತ್ಯಾಸ ಪ್ರತಿದಿನ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸಾಕು.

ನೆರಳು ಅಳೆಯಿರಿ, ಗಡಿಯಾರವನ್ನು ಪೂರ್ತಿ ನಂಬಬೇಡಿ

ಋತು ಬದಲಾವಣೆಯ ಮೂಲ ಸೂರ್ಯನ ಎತ್ತರದಲ್ಲಿದೆ, ಅದನ್ನು ಅಳೆಯಲು ಅಂಗಳದಲ್ಲಿ ನೆಟ್ಟ ಕೋಲು ಸಾಕು. ಕೊಪ್ಪಳ ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಇಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 51 ಡಿಗ್ರಿಯಷ್ಟೇ ಏರುತ್ತಾನೆ, ಮಾರ್ಚ್ 20ರ ಹೊತ್ತಿಗೆ ಅದು ಸುಮಾರು 75 ಡಿಗ್ರಿಯಾಗುತ್ತದೆ. ಒಂದು ಮೀಟರ್ ಕೋಲಿನ ಅತಿ ಚಿಕ್ಕ ನೆರಳು ಡಿಸೆಂಬರ್ 21ಕ್ಕೆ ಸುಮಾರು 80 ಸೆಂಟಿಮೀಟರ್, ಜನವರಿ ಕೊನೆಗೆ 65, ಫೆಬ್ರುವರಿ ಕೊನೆಗೆ 43, ಮಾರ್ಚ್ 20ಕ್ಕೆ 27 ಸೆಂಟಿಮೀಟರ್ ಇರುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಅಂಕಿಗಳನ್ನು ಗಮನಿಸಿದರೆ ಫೆಬ್ರುವರಿ ಒಂದೇ ತಿಂಗಳಲ್ಲಿ ನೆರಳು 22 ಸೆಂಟಿಮೀಟರ್ ಕುಗ್ಗುವುದು ಕಾಣುತ್ತದೆ. ಮೊದಲ ಕಂತಿನ ಚಳಿ, ಅಂದರೆ ಮಧ್ಯಾಹ್ನದ ತಂಪು, ಆ ತಿಂಗಳಲ್ಲೇ ಮಾಯವಾಗುವುದು ಇದಕ್ಕಾಗಿ.

ನೆರಳು ಅತಿ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಕೊಪ್ಪಳ ಅದಕ್ಕಿಂತ ಪಶ್ಚಿಮಕ್ಕಿರುವುದರಿಂದ ಇಲ್ಲಿ ನಡುಹಗಲು ತಡವಾಗಿ ಬರುತ್ತದೆ: ಡಿಸೆಂಬರ್ 21ಕ್ಕೆ 12.23ರ ಸುಮಾರಿಗೆ, ಫೆಬ್ರುವರಿ ನಡುವಿನಲ್ಲಿ 12.40ರ ಸುಮಾರಿಗೆ, ಮಾರ್ಚ್ 20ಕ್ಕೆ 12.33ರ ಸುಮಾರಿಗೆ. ಹನ್ನೆರಡೂ ಕಾಲರಿಂದ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದಿಂದ ಗುರುತು ಹಾಕಿದರೆ ಚಿಕ್ಕದು ಯಾವುದೆಂದು ತಾನಾಗಿ ತಿಳಿಯುತ್ತದೆ. ವಾರಕ್ಕೊಮ್ಮೆ ಮಾಡಿದರೆ ಸಾಕು.

ಸಂಕ್ರಾಂತಿಯಿಂದ ಹಗಲು ಬೆಳೆಯುತ್ತದೆ ಎಂಬ ಮಾತನ್ನೂ ಇದೇ ಪುಟದಲ್ಲಿ ಪರೀಕ್ಷಿಸಬಹುದು. ಹಗಲು ಬೆಳೆಯತೊಡಗುವುದು ಡಿಸೆಂಬರ್ 21 ಅಥವಾ 22ರಿಂದಲೇ. ಅಯನ ಚಲನೆಯಿಂದಾಗಿ, ಅಂದರೆ ಭೂಮಿಯ ಅಕ್ಷ ಬಹಳ ನಿಧಾನವಾಗಿ ಓಲುವುದರಿಂದ, ಮಕರ ಸಂಕ್ರಾಂತಿ ಅದಕ್ಕಿಂತ ಮೂರು ವಾರಕ್ಕೂ ಹೆಚ್ಚು ತಡವಾಗಿ ಬರುತ್ತದೆ. ಆದರೂ ಜನವರಿಯಲ್ಲಿ ಬೆಳಗು ಇನ್ನೂ ತಡವಾಗುತ್ತಿದೆ ಎಂದು ಅನ್ನಿಸುವುದು ಭ್ರಮೆಯಲ್ಲ. ಕೊಪ್ಪಳದಲ್ಲಿ ಸೂರ್ಯೋದಯ ಡಿಸೆಂಬರ್ 21ಕ್ಕೆ ಸುಮಾರು 6.47ಕ್ಕಾದರೆ ಜನವರಿ 22ರ ಸುಮಾರಿಗೆ 6.56ಕ್ಕೆ ಆಗುತ್ತದೆ. ಅದೇ ಅವಧಿಯಲ್ಲಿ ಸೂರ್ಯಾಸ್ತ 6.00ರಿಂದ 6.18ಕ್ಕೆ ಸರಿಯುತ್ತದೆ. ಹೆಚ್ಚಿದ ಹಗಲೆಲ್ಲ ಸಂಜೆಯ ಕಡೆಗೆ ಸೇರುವುದರಿಂದ ಬೆಳಗಿನ ಚಳಿಗೆ ಇನ್ನೂ ಒಂದು ತಿಂಗಳ ಅವಕಾಶ ಸಿಕ್ಕಂತಾಗುತ್ತದೆ.

ಎರಡು ಕಂತುಗಳ ದಿನಾಂಕ ನಿರ್ಧರಿಸುವ ಕ್ರಮ

ನಮ್ಮ ಬಯಲಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಕನಿಷ್ಠ ತಾಪಮಾನ ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುತ್ತದೆ, ಕೆಲವು ದಿನ ಅದಕ್ಕಿಂತ ಕೆಳಗಿಳಿಯುತ್ತದೆ. ಹಗಲಿನ ಗರಿಷ್ಠ 30ರ ಹತ್ತಿರವಿರುತ್ತದೆ. ಮಾರ್ಚಿನ ಹೊತ್ತಿಗೆ ಗರಿಷ್ಠ 36, 37ಕ್ಕೆ ಏರಿ, ಕನಿಷ್ಠವೂ 20 ದಾಟುತ್ತದೆ. ಇದನ್ನು ಆಧಾರವಾಗಿಟ್ಟುಕೊಂಡು ಎರಡು ಗಡಿಗಳನ್ನು ಹಾಕಿಕೊಳ್ಳಲು ನನ್ನ ಸಲಹೆ. ಸತತ ಐದು ದಿನ ಗರಿಷ್ಠ ತಾಪಮಾನ 33 ಡಿಗ್ರಿ ದಾಟಿದರೆ ಮೊದಲ ಕಂತು ಮುಗಿಯಿತೆಂದು ಬರೆಯಿರಿ. ಸತತ ಐದು ದಿನ ಕನಿಷ್ಠ ತಾಪಮಾನ 20 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಎರಡನೆಯದೂ ಮುಗಿಯಿತೆಂದು ಬರೆಯಿರಿ. ಇವು ಇಲಾಖೆಯ ನಿಯಮಗಳಲ್ಲ, ಹಿತ್ತಲಿನ ಕೆಲಸಕ್ಕೆ ಇಟ್ಟುಕೊಂಡ ಅಳತೆ. ನಿಮ್ಮ ಸ್ಥಳಕ್ಕೆ ಒಂದು ಡಿಗ್ರಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು, ಆದರೆ ಒಮ್ಮೆ ಇಟ್ಟ ಗಡಿಯನ್ನು ವರ್ಷ ವರ್ಷಕ್ಕೆ ಬದಲಿಸಿದರೆ ಹೋಲಿಕೆಯೇ ಸಾಧ್ಯವಾಗುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಡಿಸೆಂಬರಿನಲ್ಲಿಯೂ ಮೋಡ ಮುಸುಕಿ, ಎರಡು ಮೂರು ರಾತ್ರಿ ತಾಪಮಾನ ಏರುತ್ತದೆ. ಆಕಾಶ ನಿಚ್ಚಳವಾಗಿದ್ದರೆ ನೆಲ ತನ್ನ ಶಾಖವನ್ನು ರಾತ್ರಿಯಿಡೀ ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದೆ, ಮೋಡವಿದ್ದರೆ ಆ ಶಾಖದ ಒಂದು ಪಾಲು ಮರಳಿ ಬರುತ್ತದೆ. ಆದ್ದರಿಂದ ಕನಿಷ್ಠ ತಾಪಮಾನದ ಪಕ್ಕದಲ್ಲಿ ಮೋಡದ ಪ್ರಮಾಣವನ್ನೂ (ಇಲ್ಲ, ಅರ್ಧ, ಪೂರ್ತಿ) ಬರೆಯಲೇಬೇಕು. ಮೋಡದ ದಿನಗಳನ್ನು ಐದು ದಿನಗಳ ಎಣಿಕೆಗೆ ಸೇರಿಸಬೇಡಿ.

ಈ ಎರಡು ದಿನಾಂಕಗಳು ಕೈಗೆ ಬಂದರೆ, ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಗಾದೆಯನ್ನು ತೂಗಿ ನೋಡಬಹುದು. ಶಿವರಾತ್ರಿ 2024ರಲ್ಲಿ ಮಾರ್ಚ್ 8ರಂದು, 2025ರಲ್ಲಿ ಫೆಬ್ರುವರಿ 26ರಂದು, 2026ರಲ್ಲಿ ಫೆಬ್ರುವರಿ 15ರಂದು ಬಂದಿತು. ಚಾಂದ್ರಮಾನದ ಹಬ್ಬ ಮೂರು ವಾರ ಹಿಂದುಮುಂದಾಗುತ್ತದೆ, ಸೂರ್ಯನ ಎತ್ತರ ಹಾಗೆ ಆಗುವುದಿಲ್ಲ. ಹಾಗೆಂದು ಗಾದೆಯನ್ನು ತಳ್ಳಿಹಾಕಬೇಕಿಲ್ಲ. ಹಬ್ಬ ಬೇಗ ಬಂದ ವರ್ಷ ಅದು ಮೊದಲ ಕಂತಿಗೆ ಹೊಂದುತ್ತದೆ, ತಡವಾಗಿ ಬಂದ ವರ್ಷ ಎರಡನೆಯದಕ್ಕೆ. ಯುಗಾದಿಯದ್ದೂ ಹೀಗೆಯೇ. ಪಂಚಾಂಗದ ವಸಂತ ಚೈತ್ರದಿಂದ ಶುರುವಾಗುವ ಹೊತ್ತಿಗೆ ನಮ್ಮ ಕಡೆ ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಮರಗಳು ತಮ್ಮ ವಸಂತವನ್ನು ಅದಕ್ಕಿಂತ ಎಷ್ಟೋ ದಿನ ಮೊದಲೇ ಶುರುಮಾಡಿರುತ್ತವೆ. ಹಬ್ಬಗಳನ್ನು ಪುಸ್ತಕದಲ್ಲಿ ಬರೆಯಿರಿ, ಆದರೆ ಪಕ್ಕದಲ್ಲಿ ತಾರೀಖು ಇರಲಿ.

ಇಬ್ಬನಿ ಮತ್ತು ಗಾಳಿ

ಕಪ್ಪು ಬಣ್ಣ ಬಳಿದ ತಗಡನ್ನು ಸಂಜೆ ಬಯಲಿನಲ್ಲಿ, ಮರದ ನೆರಳಿನಿಂದ ದೂರ, ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಗಳ ಮೇಲೆ ಇಡಿ. ಸೂರ್ಯೋದಯಕ್ಕೆ ಮೊದಲೇ ಹೋಗಿ ಬೆರಳಾಡಿಸಿ, ನಾಲ್ಕು ಮಟ್ಟಗಳಲ್ಲಿ ಗುರುತಿಸಿ: ಒಣ, ಬೆರಳಚ್ಚು ಮೂಡುವಷ್ಟು ಮಸುಕು, ಬಿಡಿ ಹನಿ, ಹರಿದು ಇಳಿಯುವ ನೀರು. ಇಬ್ಬನಿ ಬೀಳಲು ನಿಚ್ಚಳ ಆಕಾಶ, ನಿಂತ ಗಾಳಿ ಮತ್ತು ಹವೆಯಲ್ಲಿ ಸಾಕಷ್ಟು ತೇವ ಮೂರೂ ಬೇಕು. ಫೆಬ್ರುವರಿಯಲ್ಲಿ ಬೆಳಗು ತಂಪಾಗಿಯೇ ಇದ್ದರೂ ತಗಡು ಒಣಗಿರತೊಡಗುವುದು ಹವೆ ಒಣಗಿದ್ದರ ಸೂಚನೆ. ಎರಡನೆಯ ಕಂತು ಮುಗಿಯುವ ಮೊದಲೇ ಇಬ್ಬನಿ ನಿಲ್ಲುವುದು ಒಣ ಬೇಸಾಯದ ಊರುಗಳಲ್ಲಿ ಸಾಮಾನ್ಯ, ಕಾಲುವೆಯ ಊರುಗಳಲ್ಲಿ ಅದು ಇನ್ನಷ್ಟು ದಿನ ಎಳೆಯುತ್ತದೆ.

ಎರೆ ಹೊಲದ ಕಡಲೆಯಲ್ಲಿ ಇದನ್ನು ಹತ್ತಿರದಿಂದ ಕಾಣಬಹುದು. ಕಡಲೆಯ ಎಲೆಯ ಮೇಲಿನ ನವಿರಾದ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲವಿರುವ ಹುಳಿಯನ್ನು ಒಸರುತ್ತವೆ. ಇಬ್ಬನಿ ಬಿದ್ದ ನಸುಕಿನಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆಯನ್ನು ಹಾಸಿ, ನೆನೆದ ಮೇಲೆ ಹಿಂಡಿ ಆ ಹುಳಿಯನ್ನು ಶೇಖರಿಸುವ ರೂಢಿ ನಮ್ಮ ಭಾಗದಲ್ಲಿದೆ. ಬಟ್ಟೆ ನೆನೆಯದ ಮೊದಲ ಬೆಳಗಿನ ತಾರೀಖು ತಗಡಿನ ದಾಖಲೆಗೆ ಒಳ್ಳೆಯ ಸಾಕ್ಷಿ.

ಗಾಳಿಗೆ ಕೊಂಬೆಗೆ ಕಟ್ಟಿದ ಬಟ್ಟೆಯ ಪಟ್ಟಿ ಸಾಕು. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಈಶಾನ್ಯ, ಪೂರ್ವದ ಕಡೆಯಿಂದ ಬೀಸುತ್ತದೆ. ಅದು ಬಿಟ್ಟು ಬಿಟ್ಟು, ದಿಕ್ಕು ತಪ್ಪಿ ಬೀಸತೊಡಗಿದ ದಿನ ಮತ್ತು ಬಯಲಿನಲ್ಲಿ ಮೊದಲ ಸುಂಟರಗಾಳಿ ಧೂಳೆಬ್ಬಿಸಿದ ದಿನ ಎರಡನ್ನೂ ಬರೆಯಿರಿ. ನೆಲ ಕಾದು ಅದಕ್ಕೆ ತಾಗಿದ ಗಾಳಿ ರಭಸವಾಗಿ ಮೇಲೇರುವುದರಿಂದ ಸುಂಟರಗಾಳಿ ಏಳುತ್ತದೆ. ಹೀಗಾಗಿ ಅದು ನೆಲದ ಶಾಖದ ಸೂಚಿ.

ಮರಗಳು: ಈ ಕೆಲಸದ ತಿರುಳು

ಬೇವಿನ ಮರಗಳು ಚಿಗುರಿವೆ ಎಂದು ಸಾಮಾನ್ಯವಾಗಿ ಬರೆಯುವುದರಿಂದ ಪ್ರಯೋಜನವಿಲ್ಲ. ಒಂದೇ ಓಣಿಯ ಎರಡು ಬೇವುಗಳ ನಡುವೆ ಹಲವು ದಿನಗಳ ಅಂತರ ಇರಬಹುದು. ಆದ್ದರಿಂದ ನಿರ್ದಿಷ್ಟ ಮರಗಳನ್ನು ಆರಿಸಿಕೊಂಡು, ಅವುಗಳಿಗೆ ಸಂಖ್ಯೆ ಕೊಟ್ಟು, ವಾರಕ್ಕೊಮ್ಮೆ ಅದೇ ದಿನ, ಅದೇ ಬದಿಯಿಂದ ನೋಡಬೇಕು. ದೇಶದ ಮರಗಳ ಋತುಚಕ್ರವನ್ನು ನಾಗರಿಕರಿಂದಲೇ ದಾಖಲಿಸುವ ಸೀಸನ್‌ವಾಚ್ ಯೋಜನೆಯೂ ವಾರಕ್ಕೊಮ್ಮೆ ಅದೇ ಮರವನ್ನು ನೋಡುವ ಕ್ರಮವನ್ನೇ ಅನುಸರಿಸುತ್ತದೆ. ಹಳೆ ಎಲೆ, ಎಳೆ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು ಎಂದು ಕಾಲಂಗಳನ್ನು ಎಳೆದು, ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ಬಹಳ ಎಂದು ಬರೆಯಿರಿ. ಮರದ ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಸ್ವಲ್ಪ ಎಂದಿಟ್ಟುಕೊಳ್ಳಿ.

ಒಂದು ಮರವನ್ನಷ್ಟೇ ನೋಡಲು ಸಾಧ್ಯವಿದ್ದರೆ ಬೇವನ್ನು ಆರಿಸಿಕೊಳ್ಳಿ. ಫೆಬ್ರುವರಿಯಲ್ಲಿ ಅದರ ಕೆಳಗಿನ ಎಲೆಗಳು ಹಳದಿಯಾಗಿ, ಸಣ್ಣ ಗಾಳಿಗೂ ಉದುರಿ, ಕಂಪೌಂಡಿನ ಮೂಲೆಯಲ್ಲಿ ಗುಡ್ಡೆಯಾಗುತ್ತವೆ. ಕೆಲವು ಮರ ಪೂರ್ತಿ ಬೋಳಾಗುತ್ತದೆ, ಕೆಲವು ಅರ್ಧ ಹಳೆ ಎಲೆಯನ್ನು ಇಟ್ಟುಕೊಂಡೇ ಚಿಗುರುತ್ತದೆ. ಕೊಂಬೆಯ ತುದಿಯನ್ನು ಕೈಗೆ ಬಗ್ಗಿಸಿಕೊಂಡು ನೋಡಿದರೆ ಮೊದಲು ಕೆಂಪು ಬೆರೆತ ತಾಮ್ರ ಬಣ್ಣದ, ಮೆತ್ತಗಿನ, ಹೊಳೆಯುವ ಎಳೆ ಎಲೆಗಳು ಕೆಳಮುಖವಾಗಿ ಜೋತುಬಿದ್ದಿರುತ್ತವೆ. ಅವು ಹಸಿರಾಗಿ ಬಿಗಿಯಾಗುವ ಹೊತ್ತಿಗೆ ಎಲೆಯ ಕಂಕುಳಿನಿಂದ ಬಿಳಿ ಹೂಗಳ ಗೊಂಚಲು ಹೊರಡುತ್ತದೆ. ಮಾರ್ಚ್, ಏಪ್ರಿಲ್ ಸಂಜೆಗಳಲ್ಲಿ ಅದರ ಕಂಪು ಮರ ಕಾಣುವ ಮೊದಲೇ ಮೂಗಿಗೆ ತಾಗುತ್ತದೆ. ಕೊನೆಯ ಹಳೆ ಎಲೆ, ಮೊದಲ ತಾಮ್ರದ ಚಿಗುರು, ಮೊದಲ ಅರಳಿದ ಹೂ, ಈ ಮೂರು ತಾರೀಖುಗಳು ಬಹಳ ಮುಖ್ಯ. ಮಳೆಗಾಲದ ಕೊನೆಯಲ್ಲಿ ಅಥವಾ ಚಳಿಯ ಮೊದಲಲ್ಲಿ ಕೊಂಬೆಯ ತುದಿಗಳಷ್ಟೇ ಸುಟ್ಟಂತೆ ಕಂದಿ ಒಣಗಿದ್ದರೆ ಅದನ್ನು ಎಲೆ ಉದುರುವ ಕಾಲಂನಲ್ಲಿ ಬರೆಯಬೇಡಿ. ಅದು ಬೇವಿನ ತುದಿ ಒಣಗುವ ರೋಗವಿರಬಹುದು, ಋತುವಿನ ಲಕ್ಷಣವಲ್ಲ.

ಹನಿ ಮಳೆಯಿಲ್ಲದ ತಿಂಗಳಲ್ಲಿ ಮರ ಎಲ್ಲಿಂದ ನೀರು ತಂದು ಚಿಗುರುತ್ತದೆ ಎಂಬ ಪ್ರಶ್ನೆ ಸಹಜ. ಎಲೆಯಿದ್ದಷ್ಟು ಕಾಲ ನೀರು ಎಲೆಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಎಲೆ ಉದುರಿದ ಮೇಲೆ ಆಳದ ಬೇರುಗಳು ಎಳೆದ ನೀರು ಕಾಂಡದಲ್ಲೇ ಉಳಿದು, ಮರ ಮತ್ತೆ ತೇವ ತುಂಬಿಕೊಳ್ಳುತ್ತದೆ. ಹಗಲು ಉದ್ದವಾಗುತ್ತಿರುವುದೂ ಹಲವು ಮರಗಳಿಗೆ ಚಿಗುರಲು ಸೂಚನೆ. ಹೀಗೆ ಮಳೆ ಬರುವ ಮೊದಲೇ ಎಲೆ ಸಿದ್ಧಪಡಿಸಿಕೊಂಡ ಮರ ಮುಂಗಾರಿನ ಮೊದಲ ದಿನದಿಂದಲೇ ಅದರ ಲಾಭ ಪಡೆಯುತ್ತದೆ.

ಹೊಂಗೆಯೂ ಇದೇ ಹೊತ್ತಿಗೆ ಎಲೆ ಉದುರಿಸಿ, ಮಾರ್ಚ್, ಏಪ್ರಿಲಿನಲ್ಲಿ ಕಣ್ಣು ಕುಕ್ಕುವ ಎಳೆ ಹಸಿರಿಗೆ ತಿರುಗುತ್ತದೆ. ಬಣ್ಣದ ಬದಲಾವಣೆ ದೂರದಿಂದಲೇ ಕಾಣುವುದರಿಂದ ಮಕ್ಕಳಿಗೆ ಕೊಡಲು ಇದು ತಕ್ಕ ಮರ. ಬೂರುಗ ಮತ್ತು ಮುತ್ತುಗ ಎಲೆಯಿಲ್ಲದ ಕೊಂಬೆಯಲ್ಲೇ ಹೂ ಬಿಡುತ್ತವೆ, ಮುತ್ತುಗ ಫೆಬ್ರುವರಿ, ಮಾರ್ಚಿನಲ್ಲಿ ಕಿತ್ತಳೆಗೆಂಪಾಗುತ್ತದೆ. ಅರಳಿ, ಆಲದ ಚಿಗುರನ್ನು ಮರಕ್ಕೆ ಮರ ಬೇರೆಯಾಗಿ ನೋಡಬೇಕು. ಹುಣಸೆಯಲ್ಲಿ ಜನವರಿಯಿಂದ ಮಾರ್ಚಿನವರೆಗೆ ಕಾಯಿ ಬಡಿಯುವ ಕೆಲಸ ನಡೆಯುವುದರಿಂದ ಎಲೆ ತಾನಾಗಿ ಉದುರಿತೋ ಕೋಲಿನ ಏಟಿಗೆ ಬಿತ್ತೋ ಎಂದು ಹೇಳುವುದು ಕಷ್ಟ. ಬಳ್ಳಾರಿ ಜಾಲಿ ದಾರಿಯುದ್ದಕ್ಕೂ ಸಿಗುತ್ತದೆಯಾದರೂ ವರ್ಷವಿಡೀ ಹಸಿರಾಗಿಯೇ ಇರುವುದರಿಂದ ಈ ಕೆಲಸಕ್ಕೆ ಬಾರದು.

ಮಾವಿನ ವಿಷಯ ಬೇರೆ. ಅದು ಚಳಿ ಹೋಗುವುದನ್ನಲ್ಲ, ಚಳಿ ಬಿದ್ದದ್ದನ್ನು ಹೇಳುತ್ತದೆ. ಮಾವು ಹೂ ಕಟ್ಟಲು ತಂಪಾದ, ಒಣಗಿದ ರಾತ್ರಿಗಳು ಬೇಕು. ಡಿಸೆಂಬರಿನಲ್ಲಿ ಮೋಡ ಮುಸುಕಿ ರಾತ್ರಿ ಬೆಚ್ಚಗಿದ್ದರೆ ಹೂವಿನ ಬದಲು ಎಲೆಯ ಚಿಗುರು ಬರಬಹುದು, ಹೂ ತಡವಾಗಲೂಬಹುದು. ಕೇಸರ್ ತಳಿಯನ್ನು ಹೆಚ್ಚು ಬೆಳೆಯುವ ಕೊಪ್ಪಳದಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಪ್ರತಿ ಮರದಲ್ಲೂ ಹೂವಿನ ಗೊಂಚಲು ಯಾವ ದಿಕ್ಕಿನ ಕೊಂಬೆಯಲ್ಲಿ ಮೊದಲು ಬಂತೆಂಬುದನ್ನು ಗಮನಿಸಿ. ಗೊಂಚಲಿನ ಮೇಲೆ ಬಿಳಿ ಪುಡಿ ಕಂಡರೆ ಬೂದಿ ರೋಗ. ಕೊಂಬೆ ಅಲುಗಿಸಿದಾಗ ಪಟಪಟನೆ ಹಾರಿ, ಕೆಳಗಿನ ಎಲೆಗಳನ್ನು ಅಂಟಂಟು ಮಾಡುವುದು ಜಿಗಿಹುಳು. ಇವುಗಳ ತಾರೀಖನ್ನು ಇಬ್ಬನಿಯ ಕಾಲಂ ಪಕ್ಕದಲ್ಲಿ ಇಟ್ಟು ನೋಡಿದರೆ ಎಷ್ಟೋ ವಿಷಯ ತಿಳಿಯುತ್ತದೆ.

ಹಿತ್ತಲಿನ ಮಡಿಯಲ್ಲಿ

ತರಕಾರಿ ಮಡಿ ಮೇಲಿನ ಎರಡು ಕಂತುಗಳನ್ನು ನೇರವಾಗಿ ಬಳಸಿಕೊಳ್ಳುವ ಜಾಗ. ಕೊತ್ತಂಬರಿ ಮತ್ತು ಮೂಲಂಗಿ ಮೊದಲ ಕಂತಿನ ಗಿಡಗಳು: ಮಧ್ಯಾಹ್ನದ ಬಿಸಿಲು ಏರಿದಂತೆ ಕೊತ್ತಂಬರಿಯ ಅಗಲ ಎಲೆಯ ನಡುವಿನಿಂದ ಎಳೆಯಂಥ ಸೀಳು ಎಲೆಗಳ ದಂಟು ಎದ್ದು ಹೂವಿಗೆ ಬರುತ್ತದೆ. ಆ ದಂಟು ಕಂಡ ತಾರೀಖು ಬರೆದುಕೊಂಡು, ಮುಂದಿನ ವರ್ಷ ಕೊನೆಯ ಬಿತ್ತನೆಯನ್ನು ಅದಕ್ಕಿಂತ ಆರು ವಾರ ಮೊದಲೇ ಮುಗಿಸಿದರೆ ಸೊಪ್ಪು ಚೆನ್ನಾಗಿ ಸಿಗುತ್ತದೆ. ಟೊಮ್ಯಾಟೊ ಎರಡನೆಯ ಕಂತಿನದ್ದು. ರಾತ್ರಿ ತಾಪಮಾನ 21 ಡಿಗ್ರಿಗಿಂತ ಮೇಲೆಯೇ ಉಳಿಯತೊಡಗಿ ಹಗಲೂ 35ರ ಆಸುಪಾಸಿಗೆ ಬಂದರೆ ಹೂ ಬಿಟ್ಟರೂ ಕಾಯಿ ಕಚ್ಚದೆ ಉದುರತೊಡಗುತ್ತದೆ. ಅದಕ್ಕೆ ಗೊಬ್ಬರದ ಕೊರತೆಯೆಂದು ಯೂರಿಯಾ ಸುರಿಯುವುದು ವ್ಯರ್ಥ. ಹೀರೆ, ಸೌತೆ, ಕುಂಬಳದ ಬೀಜಕ್ಕೆ ಇದರ ತಿರುಗುಮುರುಗು: ನೆಲ 18, 20 ಡಿಗ್ರಿಯಷ್ಟು ಬೆಚ್ಚಗಾದರೆ ಮೊಳಕೆ ಚುರುಕಾಗುತ್ತದೆ. ಜನವರಿಯ ಥಂಡಿ ಬೆಳಗುಗಳಲ್ಲಿ ಊರಿದ ಬೀಜ ತಡವಾಗಿ ಏಳುವುದು ಇದರಿಂದ.

ಹೂಗಳಲ್ಲಿ ಸೇವಂತಿಗೆ ಹಗಲು ಚಿಕ್ಕದಾಗಿರುವಾಗ ಅರಳುವ ಗಿಡವಾದ್ದರಿಂದ ಜನವರಿ ಕಳೆಯುವಷ್ಟರಲ್ಲಿ ಮುಗಿಯುತ್ತದೆ. ಚಳಿಯಲ್ಲಿ ಸುಮ್ಮನಿದ್ದ ಮಲ್ಲಿಗೆ ಬಿಸಿಲು ಏರಿದಂತೆ ಚಿಗುರಿ ಮೊಗ್ಗು ಹಿಡಿಯುತ್ತದೆ. ಭೌಗೋಳಿಕ ಸೂಚ್ಯಂಕ ಪಡೆದ ಹಡಗಲಿ ಮಲ್ಲಿಗೆಯ ನಾಡು ಪಕ್ಕದಲ್ಲೇ ಇರುವುದರಿಂದ ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಈ ಬಳ್ಳಿಯಿದೆ. ಮೊದಲ ಮೊಗ್ಗಿನ ದಿನವನ್ನು ಬರೆಯಲು ಮನೆಯ ಹಿರಿಯರನ್ನು ಕೇಳಿಕೊಳ್ಳಿ, ಅವರು ತಪ್ಪಿಸುವುದಿಲ್ಲ. ಕರಿಬೇವು ಚಳಿಯಲ್ಲಿ ಬೆಳೆಯುವುದನ್ನೇ ನಿಲ್ಲಿಸಿದಂತಿದ್ದು ಫೆಬ್ರುವರಿ, ಮಾರ್ಚಿನಲ್ಲಿ ತುದಿಯಿಂದ ಚಿಗುರುತ್ತದೆ.

ಹವೆ ಒಣಗಿದ್ದನ್ನು ಬದನೆ ಮತ್ತು ಬೆಂಡೆಯ ಎಲೆಯ ಅಡಿಭಾಗ ಕೂಡ ಹೇಳುತ್ತದೆ. ಎಲೆಯ ಮೇಲೆ ಸಣ್ಣ ಬಿಳಿಚುಕ್ಕೆಗಳು ಕಂಡರೆ ಅದನ್ನು ಬಿಳಿ ಕಾಗದದ ಮೇಲೆ ಹಿಡಿದು ಬೆರಳಿನಿಂದ ತಟ್ಟಿ, ಅರ್ಧ ನಿಮಿಷ ಕಾಗದವನ್ನೇ ನೋಡಿ. ಪೂರ್ಣವಿರಾಮದಷ್ಟು ಗಾತ್ರದ ಕೆಂಪು ಚುಕ್ಕೆಗಳು ನಿಧಾನವಾಗಿ ಸರಿದಾಡಿದರೆ ಅದು ಕೆಂಪು ನುಸಿ. ಒಣ ಬಿಸಿಲಿನಲ್ಲಿ ಅದು ಬೇಗ ಹೆಚ್ಚುತ್ತದೆ. ಎಲೆಯ ಅಡಿಗೆ ರಭಸವಾಗಿ ನೀರು ಚಿಮುಕಿಸುವುದು ಮೊದಲ ಉಪಾಯ.

ನೀರು ಕೊಡುವ ಅಂತರವನ್ನು ದಿನ ಎಣಿಸಿ ನಿರ್ಧರಿಸದೆ ನೆಲ ನೋಡಿ ನಿರ್ಧರಿಸಿ. ನಾಲ್ಕು ಬೆರಳಿನಷ್ಟು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆಯಾಗಿ ನಿಂತರೆ ಇನ್ನೂ ನೀರು ಬೇಡ, ಉದುರಿದರೆ ಬೇಕು. ಎರೆ ನೆಲದವರು ಒಂದು ಬಿರುಕನ್ನು ಗುರುತು ಮಾಡಿಕೊಂಡು ವಾರಕ್ಕೊಮ್ಮೆ ಅದರ ಅಗಲವನ್ನು ಅಳೆಯಬಹುದು. ಉದುರಿದ ಬೇವಿನ ಎಲೆಯನ್ನು ಸುಡದೆ, ಕತ್ತರಿಸಿದ ಜೋಳದ ಕಣಿಕೆಯ ಜೊತೆ ಬೆರೆಸಿ ಗಿಡದ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ. ಹೊದಿಸಿದ ಮಡಿ ಮತ್ತು ಬರಿ ಮಡಿಯ ಮುಷ್ಟಿ ಪರೀಕ್ಷೆಯನ್ನು ಅಕ್ಕಪಕ್ಕದಲ್ಲೇ ಬರೆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಹೊಲ, ಸಂತೆ ಮತ್ತು ಹಕ್ಕಿಗಳು

ಹಿತ್ತಲಿನ ಆಚೆಗಿನ ಗುರುತುಗಳೂ ಪುಸ್ತಕಕ್ಕೆ ಬರಲಿ, ಆದರೆ ಒಂದೊಂದು ಸಾಲು ಸಾಕು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಹೋದಾಗ ಜೋಳ ಯಾವ ಹಂತದಲ್ಲಿತ್ತು, ಸೀತನಿ (ಜೋಳದ ಎಳೆ ತೆನೆ) ತಿನ್ನಲು ಯಾವಾಗ ಸಿಕ್ಕಿತು, ಸಂತೆಗೆ ಹಸಿ ಕಡಲೆಯ ಕಟ್ಟು ಯಾವ ವಾರದಿಂದ ಯಾವ ವಾರದವರೆಗೆ ಬಂತು, ಬಾರೆ ಹಣ್ಣು ಎಂದು ಮುಗಿಯಿತು, ಕಣಕ್ಕೆ ಮೊದಲ ರಾಶಿ ಎಂದು ಬಿತ್ತು. ಬಿತ್ತನೆಯ ತಾರೀಖು ಗೊತ್ತಿದ್ದರೆ ಮಾತ್ರ ಇವುಗಳಿಗೆ ಪೂರ್ತಿ ಅರ್ಥ ಬರುತ್ತದೆ.

ಹಕ್ಕಿಗಳಲ್ಲಿ ಎರಡನ್ನು ಗಮನಿಸಿದರೆ ಸಾಕು. ಗುಲಾಬಿ ಮೈ, ಕಪ್ಪು ತಲೆಯ ಕಬ್ಬಕ್ಕಿಗಳು ಚಳಿಗಾಲದಲ್ಲಿ ಹಿಂಡುಹಿಂಡಾಗಿ ಜೋಳದ ಹೊಲಕ್ಕೆ ಇಳಿದು, ಬೂರುಗ, ಮುತ್ತುಗ ಅರಳಿದಾಗ ಅವುಗಳ ಮಕರಂದಕ್ಕೆ ಮುತ್ತಿ, ಏಪ್ರಿಲ್ ಹೊತ್ತಿಗೆ ಮಧ್ಯ ಏಷ್ಯಾದ ಕಡೆಗೆ ಹೊರಟುಹೋಗುತ್ತವೆ. ಕೊನೆಯ ಹಿಂಡು ಕಂಡ ದಿನ ಬರೆಯಬೇಕೆಂದರೆ ಕಂಡ ಪ್ರತಿ ದಿನವೂ ಬರೆಯಬೇಕು, ಕೊನೆಯದು ಯಾವುದೆಂದು ಆ ದಿನವೇ ಗೊತ್ತಾಗುವುದಿಲ್ಲ. ಇನ್ನೊಂದು ಕೋಗಿಲೆ. ಅದು ಎಲ್ಲಿಂದಲೋ ಬರುವ ಹಕ್ಕಿಯಲ್ಲ, ಚಳಿಯಲ್ಲಿ ಹೆಚ್ಚಾಗಿ ಸುಮ್ಮನಿದ್ದು ಬಿಸಿಲು ಏರಿದಂತೆ ಗಂಡು ಕೂಗತೊಡಗುತ್ತದೆ. ಒಂದು ದಿನ ಕೂಗಿದ್ದಕ್ಕೆ ಬೆಲೆ ಕೊಡದೆ, ಒಂದೇ ವಾರದಲ್ಲಿ ಮೂರು ಬೆಳಗು ಕೇಳಿಸಿದ ಮೇಲೆ ಆರಂಭ ಎಂದು ಗುರುತಿಸಿ.

ಮೊದಲ ಅಡ್ಡಮಳೆ ಮತ್ತು ಲೆಕ್ಕ ಮುಗಿಸುವುದು

ಜನವರಿ, ಫೆಬ್ರುವರಿಯಲ್ಲಿ ನಮ್ಮಲ್ಲಿ ಮಳೆ ಬಹುತೇಕ ಇಲ್ಲ. ಮಾರ್ಚ್ ಕೊನೆ, ಏಪ್ರಿಲಿನ ಮಧ್ಯಾಹ್ನಗಳಲ್ಲಿ ಕಾದ ನೆಲದ ಮೇಲೆ ಮೋಡ ಎತ್ತರಕ್ಕೆ ಬೆಳೆದು, ಸಂಜೆಗೆ ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲಿನೊಂದಿಗೆ ಅಡ್ಡಮಳೆ ಬೀಳುತ್ತದೆ. ಗುಡುಗು ಕೇಳಿಸಿದೊಡನೆ ಬಯಲಿನ ಕೆಲಸ ನಿಲ್ಲಿಸಿ ಒಳಗೆ ಬನ್ನಿ. ಮರದ ಕೆಳಗೆ ನಿಂತು ಮಳೆಮಾಪಕ ಕಾಯುವುದು ಸಲ್ಲದು. ಮಳೆ ಶುರುವಾದ ಹೊತ್ತು, ಗಾಳಿ ಬಂದ ದಿಕ್ಕು, ಉದುರಿದ ಮಾವಿನ ಮಿಡಿಯ ಅಂದಾಜು, ಮರುದಿನ ಬೆಳಿಗ್ಗೆ 8.30ಕ್ಕೆ ಅಳೆದ ಪ್ರಮಾಣ, ಇಷ್ಟು ಸಾಕು. ಇಂಥ ಮಳೆಯ ಮರುದಿನ ಕನಿಷ್ಠ ತಾಪಮಾನ ದಿಢೀರನೆ ಇಳಿದಿದ್ದರೆ ಅದು ಚಳಿ ಮರಳಿದ್ದಲ್ಲ, ಎರಡನೆಯ ಕಂತಿನ ಎಣಿಕೆಯನ್ನು ಅದಕ್ಕಾಗಿ ತಿದ್ದಬೇಡಿ.

ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ 13 ಅಥವಾ 14ರ ಸುಮಾರಿಗೆ, ಅದರ ಹಿಂದೆಯೇ ಭರಣಿ. ಭರಣಿ ಬಂದರೆ ಧರಣಿ ಬದುಕೀತು ಎಂಬ ಮಾತಿನಿಂದ ಮುಂದಿನದು ಮುಂಗಾರಿನ ದಾಖಲೆ, ಅದಕ್ಕೆ ಬೇರೆ ಪುಟ ತೆರೆಯಿರಿ. ಅಶ್ವಿನಿಯ ದಿನ ಕುಳಿತು, ಪುಸ್ತಕದ ಕೊನೆಯ ಪುಟದಲ್ಲಿ ಎಂಟು ತಾರೀಖುಗಳನ್ನು ಒಂದರ ಕೆಳಗೊಂದು ಬರೆಯಿರಿ: ಅತಿ ಕಡಿಮೆ ತಾಪಮಾನದ ಬೆಳಗು, ಮೊದಲ ಕಂತು ಮುಗಿದ ದಿನ, ಕೊನೆಯ ಇಬ್ಬನಿ, ಬೇವಿನ ಮೊದಲ ಚಿಗುರು, ಕೋಗಿಲೆಯ ಆರಂಭ, ಎರಡನೆಯ ಕಂತು ಮುಗಿದ ದಿನ, ಬೇವಿನ ಮೊದಲ ಹೂ, ಮೊದಲ ಮಳೆ. ಯಾವುದಾದರೂ ನೋಡಲಾಗದೆ ತಪ್ಪಿದ್ದರೆ ಅಂದಾಜು ತುಂಬಬೇಡಿ, ಖಾಲಿ ಬಿಡಿ. ಎರಡು ಕಂತುಗಳ ನಡುವೆ ಎಷ್ಟು ದಿನ ಕಳೆಯಿತೆಂದು ಎಣಿಸಿ ಕೆಂಪು ಶಾಯಿಯಲ್ಲಿ ಬರೆಯಿರಿ. ವರ್ಷಗಳ ನಡುವೆ ಹೋಲಿಸಲು ಮೊದಲು ಕೈಗೆ ಬರುವ ಅಂಕಿ ಅದೇ. ಮುಂದಿನ ಡಿಸೆಂಬರಿನಲ್ಲಿ ಹೊಸ ಪುಸ್ತಕ ತೆರೆದಾಗ ಈ ಎಂಟು ಸಾಲುಗಳನ್ನು ಅದರ ಒಳರಟ್ಟಿಗೆ ನಕಲು ಮಾಡಿ, ಪ್ರತಿ ತಾರೀಖಿಗೆ ಹತ್ತು ದಿನ ಮೊದಲಿನಿಂದ ಆಯಾ ಗುರುತನ್ನು ವಾರಕ್ಕೊಮ್ಮೆಯ ಬದಲು ದಿನಾ ನೋಡತೊಡಗಿ.